ಕರ್ತೃವನ್ನು ನುಂಗುವ ಕ್ರಿಯಾಪದ

ಹುಣಸೂರು ಉಪವಿಭಾಗದ ನಾಲ್ಕು ಹಳೆಯ ತಾಲ್ಲೂಕುಗಳಲ್ಲಿ ಮೂರು ತಮ್ಮ ಹೆಸರಿನಲ್ಲಿಯೇ ಒಬ್ಬೊಬ್ಬ ಮನುಷ್ಯನನ್ನು ನೆನೆಯುತ್ತವೆ. ಹೆಗ್ಗಡದೇವನಕೋಟೆಯು ಹೆಗ್ಗಡೆದೇವನೆಂಬವನ ಕೋಟೆ. ಪಿರಿಯಾಪಟ್ಟಣವು ಚಂಗಾಳ್ವರ ಪಿರಿಯರಾಜನ ಪಟ್ಟಣ. ಎಡತೊರೆಯ ಮಗ್ಗುಲಲ್ಲಿ ಎದ್ದ ಹೊಸ ಊರು ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಹೊತ್ತು ಕೃಷ್ಣರಾಜನಗರವಾಯಿತು. ಹುಣಸೂರು ಮಾತ್ರ ಹುಣಸೆಯ ಮರಕ್ಕೆ ಋಣಿ. ಕೋಟೆ ಕಟ್ಟಿದವನಾರು, ಕೆರೆ ತೋಡಿಸಿದವನಾರು, ಗುಡಿಗೆ ಗದ್ದೆ ಬಿಟ್ಟವಳಾರು ಎಂಬುದನ್ನು ಮರೆಯದೆ ಇರಿಸಿಕೊಂಡು ಬಂದ ನಾಡು ಇದು. ಇಂಥ ನಾಡಿನಲ್ಲಿ ಯಾವ ಕಚೇರಿಯ ಪ್ರಕಟಣೆಯ ಹಲಗೆಯ ಮುಂದೆ ನಿಂತರೂ ಇಂದು ಕಣ್ಣಿಗೆ ಬೀಳುವ ಕನ್ನಡವು ಯಾವುದು? ‘ಆದೇಶಿಸಲಾಗಿದೆ’, ‘ತೀರ್ಮಾನಿಸಲಾಯಿತು’, ‘ತಿರಸ್ಕರಿಸಲಾಗಿದೆ’, ‘ತೆರವುಗೊಳಿಸಲಾಯಿತು’. ಆದೇಶವುಂಟು, ಆದೇಶಿಸಿದವನಿಲ್ಲ, ತಿರಸ್ಕಾರವುಂಟು, ತಿರಸ್ಕರಿಸಿದವನಿಲ್ಲ. ಕ್ರಿಯೆಯು ಆಕಾಶದಿಂದ ಬಿದ್ದ ಆಲಿಕಲ್ಲಿನಂತೆ ತಾನಾಗಿ ಬಂದು ರೈತನ ತಲೆಯ ಮೇಲೆ ಬೀಳುತ್ತದೆ.

ಇದು ಕೇವಲ ಶೈಲಿಯ ವಿಷಯವೆಂದು ವಿದ್ಯಾವಂತರು ನಕ್ಕುಬಿಡುವುದುಂಟು. ಇದು ಶೈಲಿಯ ವಿಷಯವಲ್ಲ, ನ್ಯಾಯದ ವಿಷಯ. ಇದನ್ನು ಸ್ಥಾಪಿಸುವುದಕ್ಕೆ ಮೊದಲು ವ್ಯಾಕರಣವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಕರ್ತೃವನ್ನು ಹಿಂದಕ್ಕೆ ಸರಿಸುವ ರೂಪಗಳು ಬರಹದ ಕನ್ನಡದಲ್ಲಿ ಎರಡು. ಒಂದು, ‘ಪಡು’ ಧಾತುವನ್ನು ಸೇರಿಸಿದ್ದು: ‘ಮರವು ಕಡಿಯಲ್ಪಟ್ಟಿತು’. ಇಲ್ಲಿ ಕರ್ಮವು ಪ್ರಥಮಾ ವಿಭಕ್ತಿಗೆ ಏರಿ ಕರ್ತೃವಿನ ಪೀಠದಲ್ಲಿ ಕುಳಿತುಕೊಳ್ಳುತ್ತದೆ. ನಿಜವಾದ ಕರ್ತೃವಿಗೆ ‘ರಾಮನಿಂದ’ ಎಂದು ಮೂಲೆಯಲ್ಲಿಯಾದರೂ ಒಂದು ಮಣೆ ದೊರೆಯುತ್ತದೆ. ಇನ್ನೊಂದು, ‘ಆಗು’ ಧಾತುವನ್ನು ಸೇರಿಸಿದ್ದು: ‘ಮರವನ್ನು ಕಡಿಯಲಾಯಿತು’. ಇಲ್ಲಿ ಕರ್ಮವು ದ್ವಿತೀಯೆಯಲ್ಲಿಯೇ ಉಳಿಯುತ್ತದೆ. ಕರ್ತೃವಿನ ಪೀಠದಲ್ಲಿ ಯಾರೂ ಕೂರುವುದಿಲ್ಲ. ಕ್ರಿಯಾಪದವು ಯಾರನ್ನೂ ಅನುಸರಿಸದೆ ನಪುಂಸಕಲಿಂಗದ ಏಕವಚನದಲ್ಲಿ ನಿಂತುಬಿಡುತ್ತದೆ. ಕಡಿದವನು ಒಬ್ಬನೇ ಆಗಲಿ, ನೂರು ಮಂದಿಯೇ ಆಗಲಿ, ಹೆಣ್ಣಾಗಲಿ, ಗಂಡಾಗಲಿ, ‘ಕಡಿಯಲಾಯಿತು’ ಎಂಬ ಮಾತಿಗೆ ಎಲ್ಲವೂ ಒಂದೇ. ಮೊದಲನೆಯದು ಕರ್ತೃವನ್ನು ಕೆಳಗಿಳಿಸುತ್ತದೆ. ಎರಡನೆಯದು ಮನೆಯಿಂದಲೇ ಹೊರಗಟ್ಟುತ್ತದೆ. ಕಚೇರಿಗಳೂ ಪತ್ರಿಕೆಗಳೂ ಇಂದು ಹೆಚ್ಚಾಗಿ ಆರಿಸಿಕೊಂಡಿರುವುದು ಈ ಎರಡನೆಯದನ್ನು.

ಆದರೆ ಈ ರೂಪದಲ್ಲಿ ವಾಚಕರು ಗಮನಿಸತಕ್ಕ ಒಂದು ಗುಟ್ಟಿದೆ. ‘ಗಾಳಿಗೆ ಮರ ಬಿದ್ದಿತು’ ಎನ್ನಬಹುದು. ‘ಗಾಳಿಗೆ ಮರವನ್ನು ಬೀಳಿಸಲಾಯಿತು’ ಎಂದರೆ ಚಿಕ್ಕ ಮಕ್ಕಳೂ ನಗುತ್ತಾರೆ. ‘ಬಿಸಿಲಿಗೆ ಪೈರು ಒಣಗಿತು’ ಸರಿ. ‘ಬಿಸಿಲಿಗೆ ಪೈರನ್ನು ಒಣಗಿಸಲಾಯಿತು’ ಸರಿಯಲ್ಲ. ಗಾಳಿ, ಮಳೆ, ಬಿಸಿಲು, ರೋಗ ಇವುಗಳ ಕೃತ್ಯಕ್ಕೆ ‘ಲಾಯಿತು’ ಒಗ್ಗುವುದಿಲ್ಲ. ಬುದ್ಧಿಯಿಂದ ಯೋಚಿಸಿ ಕೈಯಿಂದ ಮಾಡುವ ಮನುಷ್ಯನೊಬ್ಬನು ಹಿಂದೆ ಇದ್ದರೆ ಮಾತ್ರ ಈ ರೂಪವು ಹುಟ್ಟುತ್ತದೆ. ಎಂದರೆ, ‘ಲಾಯಿತು’ ಎಂಬುದು ಕರ್ತೃವಿಲ್ಲದ ಕ್ರಿಯೆಯ ರೂಪವಲ್ಲ. ಇರುವ ಕರ್ತೃವನ್ನು ಬಲ್ಲೆನೆಂದು ಒಪ್ಪಿಕೊಂಡು ಅವನನ್ನು ಬಚ್ಚಿಡುವ ರೂಪ. ಕಳ್ಳನು ತಾನು ಮನೆಯಲ್ಲಿಲ್ಲವೆಂದು ಒಳಗಿನಿಂದಲೇ ಕೂಗಿ ಹೇಳಿದಂತೆ ಇದು.

ನಿಷೇಧದಲ್ಲಿ ಈ ರೂಪದ ಕೇಡು ಇನ್ನೂ ಆಳ. ಬಂಧುಗಳಿಗೆ ಬರೆಯುವ ಪತ್ರದಲ್ಲಿ ‘ಮದುವೆಗೆ ಬರಲಾಗಲಿಲ್ಲ, ಕ್ಷಮಿಸಬೇಕು’ ಎಂದು ಎಲ್ಲರೂ ಬರೆಯುತ್ತಾರೆ. ಅಲ್ಲಿ ಅದರ ಅರ್ಥ ಅಶಕ್ತಿ: ಬರಬೇಕೆಂಬ ಮನಸ್ಸಿತ್ತು, ಸಾಧ್ಯವಾಗಲಿಲ್ಲ. ‘ಪರಿಹಾರವನ್ನು ಕೊಡಲಾಗಲಿಲ್ಲ’ ಎಂದು ಕಚೇರಿಯು ಬರೆದರೆ ಅದರ ಅರ್ಥವೇನು? ಕೊಡಲಿಲ್ಲವೆಂದೋ, ಕೊಡಲು ಆಗಲಿಲ್ಲವೆಂದೋ? ‘ನಾಲೆಗೆ ನೀರು ಬಿಡಲಾಗುವುದಿಲ್ಲ’ ಎಂದು ಕೃಷ್ಣರಾಜನಗರದ ಬತ್ತದ ಬಯಲಿನಲ್ಲಿ ಯಾರಾದರೂ ಸಾರಿದರೆ, ನೀರಿಲ್ಲವೆಂದು ರೈತನು ತಿಳಿಯಬೇಕೋ, ನೀರಿದ್ದೂ ಬಿಡುವುದಿಲ್ಲವೆಂದು ತಿಳಿಯಬೇಕೋ? ಮಾಡದಿರುವುದು ಒಂದು, ಮಾಡಲಾರದಿರುವುದು ಮತ್ತೊಂದು. ಒಂದು ತಪ್ಪು, ಇನ್ನೊಂದು ಕಷ್ಟ. ಒಂದನ್ನು ಪ್ರಶ್ನಿಸಬೇಕು, ಇನ್ನೊಂದಕ್ಕೆ ಮರುಗಬೇಕು. ಈ ಎರಡನ್ನೂ ಒಂದೇ ಅಚ್ಚಿನಲ್ಲಿ ಎರಕಹೊಯ್ಯುವ ರೂಪವು ಕನ್ನಡದಲ್ಲಿ ಇದೊಂದೇ. ‘ಕೊಡಲಿಲ್ಲ’ ಎಂಬಲ್ಲಿ ‘ಲಾಗ’ ಎಂಬ ಎರಡಕ್ಷರವನ್ನು ನಡುವೆ ತೂರಿಸಿದರೆ ಸಾಕು, ಅಪರಾಧವು ಅಸಹಾಯಕತೆಯ ವೇಷ ಹಾಕಿಕೊಂಡು ಹೊರಬರುತ್ತದೆ.

ಇದರಿಂದ ಯಾರಿಗೆ ಏನು ನಷ್ಟವೆಂದು ಕೇಳುವವರು ಕಬಿನಿಯ ದಡಕ್ಕೂ ನಾಗರಹೊಳೆಯ ಅಂಚಿಗೂ ಒಮ್ಮೆ ಹೋಗಿಬರಬೇಕು. ಒಟ್ಟು ಹತ್ತೊಂಬತ್ತೂವರೆ ಟಿ.ಎಂ.ಸಿ. ಅಡಿ ನೀರು ಹಿಡಿಯುವ ಕಬಿನಿ ಜಲಾಶಯವು 1974ರ ಹೊತ್ತಿಗೆ ಸಿದ್ಧವಾದಾಗ ಅನೇಕ ಹಳ್ಳಿಗಳೂ ಕಾಕನಕೋಟೆಯ ಕಾಡಿನ ಭಾಗವೂ ಮುಳುಗಿದವು. ನಾಗರಹೊಳೆಯು 1955ರಲ್ಲಿ ವನ್ಯಮೃಗಗಳ ರಕ್ಷಿತ ತಾಣವಾಯಿತು. 1999ರಲ್ಲಿ ಹುಲಿ ಯೋಜನೆಗೆ ಸೇರಿತು. ಈ ಅವಧಿಯಲ್ಲಿ ಜೇನುಕುರುಬರೂ ಬೆಟ್ಟಕುರುಬರೂ ಯರವರೂ ಸೋಲಿಗರೂ ಕಾಡಿನೊಳಗಣ ಹಾಡಿಗಳನ್ನು ಬಿಟ್ಟು ಹೊರಬಂದರು. ಈ ಚರಿತ್ರೆಯನ್ನು ಬರೆಯುವ ವಿದ್ಯಾವಂತನ ಲೇಖನಿಯಿಂದ ಇಳಿಯುವ ವಾಕ್ಯವು ‘ಗಿರಿಜನರನ್ನು ಸ್ಥಳಾಂತರಿಸಲಾಯಿತು’ ಎಂದು. ಹಾಡಿಯ ಮುದುಕಿಯ ಕನ್ನಡವೇ ಬೇರೆ: ‘ನಮ್ಮ ಎಬ್ಬಿಸಿದ್ರು’. ಅವಳೂ ಹೆಸರು ಹೇಳುವುದಿಲ್ಲ. ಆದರೆ ಆ ‘ರು’ ಎಂಬ ಪ್ರತ್ಯಯದಲ್ಲಿ ಕೈಕಾಲುಳ್ಳ ಮನುಷ್ಯರು ನಿಂತಿದ್ದಾರೆ. ‘ಯಾರು ಎಬ್ಬಿಸಿದರು?’ ಎಂದು ಕೇಳಲು ಅಲ್ಲಿ ಬಾಗಿಲು ತೆರೆದಿದೆ. ‘ಸ್ಥಳಾಂತರಿಸಲಾಯಿತು’ ಎಂಬಲ್ಲಿ ಆ ಬಾಗಿಲಿಗೆ ಅಗುಳಿ ಬಿದ್ದಿದೆ. ಉಚ್ಚ ನ್ಯಾಯಾಲಯವು ನೇಮಿಸಿದ, ಪ್ರೊಫೆಸರ್ ಮುಜಾಫರ್ ಅಸ್ಸಾದಿಯವರ ನೇತೃತ್ವದ ಸಮಿತಿಯು 2014ರ ತನ್ನ ವರದಿಯಲ್ಲಿ ಹೀಗೆ ನೆಲೆ ತಪ್ಪಿದ 3,418 ಕುಟುಂಬಗಳನ್ನು ಗುರುತಿಸಿತು. ನೆಲೆ ಕಳೆದುಕೊಂಡವರ ಲೆಕ್ಕವು ಒಂದು ಕುಟುಂಬವೂ ತಪ್ಪದೆ ದೊರೆಯುವಾಗ ನೆಲೆ ತಪ್ಪಿಸಿದ ಕ್ರಿಯೆಗೆ ಮಾತ್ರ ಕರ್ತೃವೇ ಇಲ್ಲದಿರುವುದು ಎಂಥ ವ್ಯಾಕರಣ?

ಇದರಿಂದ ಆಗುವ ನಷ್ಟವು ಚರಿತ್ರೆಯ ಪುಟದಲ್ಲಿಯೇ ನಿಲ್ಲುವುದಿಲ್ಲ. 2006ರ ಅರಣ್ಯಹಕ್ಕು ಕಾಯಿದೆಯು ಹಕ್ಕಿನ ಅರ್ಜಿಯನ್ನು ಪರಿಶೀಲಿಸುವುದಕ್ಕೆ ಮೂರು ಮೆಟ್ಟಿಲುಗಳನ್ನು ಇರಿಸಿದೆ: ಗ್ರಾಮಸಭೆ, ಉಪವಿಭಾಗ ಮಟ್ಟದ ಸಮಿತಿ, ಜಿಲ್ಲಾ ಮಟ್ಟದ ಸಮಿತಿ. ಗ್ರಾಮಸಭೆಯ ನಿರ್ಣಯವು ಒಪ್ಪಿಗೆಯಾಗದವನು ಅರವತ್ತು ದಿನಗಳೊಳಗೆ ಉಪವಿಭಾಗದ ಸಮಿತಿಗೂ, ಅದರ ನಿರ್ಣಯವು ಒಪ್ಪಿಗೆಯಾಗದವನು ಅಷ್ಟೇ ಅವಧಿಯಲ್ಲಿ ಜಿಲ್ಲೆಯ ಸಮಿತಿಗೂ ಮೊರೆಯಿಡಬಹುದು. ಈಗ ಒಬ್ಬನ ಕೈಗೆ ‘ತಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ’ ಎಂಬ ಒಂದೇ ಸಾಲಿನ ಕಾಗದವು ಬಂದರೆ ಅವನು ಯಾವ ಮೆಟ್ಟಿಲನ್ನು ಹತ್ತಬೇಕು? ತಿರಸ್ಕರಿಸಿದವರು ಯಾರೆಂದು ತಿಳಿಯದವನಿಗೆ ಮೊರೆಯಿಡುವುದು ಎಲ್ಲಿ ಎಂಬುದೂ ತಿಳಿಯದು. ಅವನು ಅದನ್ನು ವಿಚಾರಿಸುತ್ತ ಹಾಡಿಯಿಂದ ಹೋಬಳಿಗೆ, ಹೋಬಳಿಯಿಂದ ಹುಣಸೂರಿಗೆ ಅಲೆಯುವಷ್ಟರಲ್ಲಿ ಅರವತ್ತು ದಿನಗಳು ಕಳೆದುಹೋಗುತ್ತವೆ. ಒಂದು ಪ್ರತ್ಯಯವು ಒಂದು ಕುಟುಂಬದ ಹಕ್ಕನ್ನು ಹೀಗೆ ನುಂಗಬಲ್ಲದು.

ತಪ್ಪನ್ನು ಮುಚ್ಚುವುದು ಈ ರೂಪದ ಒಂದು ಕೆಲಸ. ಶ್ರಮವನ್ನು ಮುಚ್ಚುವುದು ಇನ್ನೊಂದು. ಕಾಕನಕೋಟೆಯ ಖೆಡ್ಡಾಗಳ ವರ್ಣನೆಯನ್ನು ಓದಿ ನೋಡಿರಿ. ಬಂದ ಅತಿಥಿಗಳು ಯಾರು, ಬಿಡಾರದ ವೈಭವವೆಷ್ಟು ಎಂಬಲ್ಲಿ ಹೆಸರುಗಳು ಸಾಲುಗಟ್ಟುತ್ತವೆ. ಅನಂತರ ‘ಆನೆಗಳನ್ನು ಹೊಳೆಗೆ ಅಟ್ಟಲಾಯಿತು, ಹಿಡಿದು ಪಳಗಿಸಲಾಯಿತು’. ಅಟ್ಟಿದವರಾರು, ಪಳಗಿಸಿದವರಾರು? ಕಾಡಿನ ಜಾಡು ಬಲ್ಲ ಕುರುಬರೂ ಮಾವುತರೂ ಕಾವಾಡಿಗಳೂ ಅಲ್ಲವೆ? 1971ರಲ್ಲಿ ಕಡೆಯ ಖೆಡ್ಡಾ ಮುಗಿಯಿತು. ಅವರ ಹೆಸರುಗಳು ‘ಲಾಯಿತು’ ಎಂಬ ಮಡುವಿನಲ್ಲಿ ಮುಳುಗಿದವು. ಹೊಗೆಸೊಪ್ಪಿನ ಸಂಗತಿಯೂ ಹೀಗೆಯೇ. ‘ಎಲೆಗಳನ್ನು ಬ್ಯಾರನ್‌ನಲ್ಲಿ ಹದಗೊಳಿಸಲಾಗುತ್ತದೆ’ ಎಂದು ಬರೆದರೆ ಪಿರಿಯಾಪಟ್ಟಣದ ಹೊಲದಲ್ಲಿ ಎಲೆ ಮುರಿಯುವ ಹೆಂಗಸರೂ, ಅದನ್ನು ಕಡ್ಡಿಗೆ ಕಟ್ಟುವ ಕೂಲಿಯವರೂ, ಐದಾರು ದಿನ ಹಗಲಿರುಳು ನಿದ್ದೆಗೆಟ್ಟು ಬೆಂಕಿ ಕಾಯುವ ರೈತನೂ ಒಮ್ಮೆಗೇ ಮಾಯವಾಗುತ್ತಾರೆ. ಮೇಲಿನವನ ತಪ್ಪಿಗೆ ಮರೆ, ಕೆಳಗಿನವನ ದುಡಿಮೆಗೆ ಮರೆವು. ಈ ಎರಡು ಫಲಗಳನ್ನೂ ಕೊಡುವ ಮರ ಇದೊಂದೇ.

ಇನ್ನು ಆಕ್ಷೇಪಗಳನ್ನು ನೋಡೋಣ. ಮೊದಲನೆಯದು ಕಚೇರಿಯವರದು: ಆಜ್ಞೆ ಮಾಡುವುದು ವ್ಯಕ್ತಿಯಲ್ಲ, ಅಧಿಕಾರಸ್ಥಾನ, ಆದುದರಿಂದ ವ್ಯಕ್ತಿಯನ್ನು ಮರೆಸುವುದೇ ನಿಷ್ಪಕ್ಷಪಾತಕ್ಕೆ ಲಕ್ಷಣ, ಮೈಸೂರು ಅರಸರ ನಿರೂಪಗಳಲ್ಲಿಯೂ ‘ಅಪ್ಪಣೆಯಾಗಿದೆ’ ಎಂಬ ಮಾತು ಇರಲಿಲ್ಲವೆ ಎಂದು. ಇತ್ತು, ನಿಜ. ಆದರೆ ಆ ನಿರೂಪದಲ್ಲಿ ಅರಸನ ಹೆಸರೂ ಮುದ್ರೆಯೂ ಇರುತ್ತಿದ್ದವು. ಅಪ್ಪಣೆ ಯಾರದೆಂದು ಓದಿಸಿ ಕೇಳಿದ ಗೌಡನಿಗೆ ಸಂಶಯ ಉಳಿಯುತ್ತಿರಲಿಲ್ಲ. ಆಜ್ಞೆ ಮಾಡಿದ್ದು ಅಧಿಕಾರಸ್ಥಾನವಾದರೆ ಆ ಸ್ಥಾನವನ್ನೇ ಕರ್ತೃವಾಗಿ ಇಟ್ಟು ‘ಉಪವಿಭಾಗ ಮಟ್ಟದ ಸಮಿತಿಯು ಈ ಅರ್ಜಿಯನ್ನು ತಿರಸ್ಕರಿಸಿದೆ’ ಎಂದು ಬರೆಯುವುದಕ್ಕೆ ಅಡ್ಡಿಯೇನು? ವ್ಯಕ್ತಿಯನ್ನು ಮರೆಸುವುದು ಬೇರೆ, ಹೊಣೆಯನ್ನು ಮರೆಸುವುದು ಬೇರೆ. 2005ರ ಮಾಹಿತಿ ಹಕ್ಕು ಕಾಯಿದೆಯು ಅರ್ಜಿಯನ್ನು ನಿರಾಕರಿಸುವ ಅಧಿಕಾರಿಯು ಕಾರಣವನ್ನೂ, ಮೇಲ್ಮನವಿಯ ಅವಧಿಯನ್ನೂ, ಅದನ್ನು ಕೇಳುವ ಅಧಿಕಾರಿ ಯಾರೆಂಬುದನ್ನೂ ತಿಳಿಸಬೇಕೆಂದು ಕಟ್ಟುಮಾಡಿದೆ. ಕಾಯಿದೆಯು ‘ಯಾರು?’ ಎಂದು ಕೇಳುವಾಗ ಕಾಗದವು ‘ಲಾಗಿದೆ’ ಎಂದು ತೊದಲಿದರೆ ಅದನ್ನು ಗಾಂಭೀರ್ಯವೆನ್ನುವುದು ಹೇಗೆ?

ಎರಡನೆಯ ಆಕ್ಷೇಪವು ಪಂಡಿತರದು: ಕರ್ಮಣಿ ಪ್ರಯೋಗ, ಭಾವೇ ಪ್ರಯೋಗಗಳು ಪ್ರೌಢಭಾಷೆಗೆ ಭೂಷಣ, ಆಡುಮಾತಿನಲ್ಲಿ ಇಲ್ಲವೆಂಬ ಮಾತ್ರಕ್ಕೆ ಅವನ್ನು ಬಿಡಲಾದೀತೆ ಎಂದು. ಭಾವೇ ಪ್ರಯೋಗದಿಂದ ಸಂಸ್ಕೃತವು ಶೋಭಿಸುತ್ತದೆಂಬುದು ನಿರ್ವಿವಾದ. ಆದರೆ ‘ಬಾಲೇನ ಸುಪ್ತಮ್’ ಎಂಬಲ್ಲಿ ಕ್ರಿಯಾರೂಪವು ನಪುಂಸಕದಲ್ಲಿದ್ದರೂ ಮಲಗಿದ ಬಾಲಕನು ತೃತೀಯೆಯಲ್ಲಿ ಎದುರಿಗೇ ಇದ್ದಾನೆ. ಕನ್ನಡದ ‘ಲಾಯಿತು’ ಆ ತೃತೀಯೆಯನ್ನು ಒಲ್ಲದು. ‘ಬಾಲಕನಿಂದ ಮಲಗಲಾಯಿತು’ ಎಂದರೆ ಕಿವಿಗೆ ಕಲ್ಲು ಬಡಿದಂತಾಗುತ್ತದೆ, ‘ಬಾಲಕನಿಂದ ಮಲಗಲಾಗಲಿಲ್ಲ’ ಎಂದರೆ ಅಶಕ್ತಿಯ ಅರ್ಥಕ್ಕೆ ತಿರುಗುತ್ತದೆ. ದ್ರಾವಿಡ ಭಾಷೆಗಳನ್ನು ಹೋಲಿಸಿ 1856ರಲ್ಲಿ ಗ್ರಂಥ ಬರೆದ ಕಾಲ್ಡ್‌ವೆಲ್ಲನು ಈ ಭಾಷೆಗಳಿಗೆ ನಿಜವಾದ ಕರ್ಮಣಿ ರೂಪವೇ ಇಲ್ಲವೆಂದು ಅಂದೇ ಕಂಡುಕೊಂಡಿದ್ದನು. ‘ಪಡು’ ಎಂದರೆ ಅನುಭವಿಸು. ಕಷ್ಟಪಡು, ಸುಖಪಡು ಎಂಬಲ್ಲಿ ಅದು ಸಹಜ. ಅದನ್ನು ಎಲ್ಲ ಧಾತುಗಳಿಗೂ ಹೆಣೆದುದು ಸಂಸ್ಕೃತದ ಮೇಲ್ಪಂಕ್ತಿಯಿಂದ. ‘ಲಾಗಿದೆ’ಯನ್ನು ಕಚೇರಿಯ ತುಂಬ ಹರಡಿದುದು ಇಂಗ್ಲಿಷ್ ಆದೇಶಗಳ ಅಚ್ಚಿನಿಂದ. ಕನ್ನಡದ ವ್ಯಾಕರಣವನ್ನು ಕನ್ನಡದ ಮೈಗೆ ಒಪ್ಪುವಂತೆ ಬರೆಯಬೇಕೆಂದು ಡಿ. ಎನ್. ಶಂಕರ ಭಟ್ಟರು 2000ದಲ್ಲಿ ಗ್ರಂಥವನ್ನೇ ಬರೆದು ವಾದಿಸಿದರು. ಅವರ ಎಲ್ಲ ಅಭಿಪ್ರಾಯಗಳನ್ನೂ ಒಪ್ಪದವರೂ ಈ ಒಂದು ಮಾತನ್ನು ತಳ್ಳಿಹಾಕುವಂತಿಲ್ಲ.

ಪ್ರೌಢತೆಗೆ ಮಾದರಿ ಬೇಕಾದರೆ ದೂರ ಹೋಗಬೇಕಾಗಿಲ್ಲ. ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನಲ್ಲಿ 1057ರ ದೇಕಬ್ಬೆಯ ಶಾಸನವಿದೆ; ಬಿ. ಎಲ್. ರೈಸ್ ಅವರು 1898ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 4ನೆಯ ಸಂಪುಟದಲ್ಲಿ ಅದು ಅಚ್ಚಾಗಿದೆ. ಗಂಡನು ಸತ್ತ ಸುದ್ದಿ ಕೇಳಿ ಬೆಂಕಿಯನ್ನು ಹೊಕ್ಕವಳ ಕಥೆ ಅದು. ಆ ಆಚಾರವನ್ನು ಇಂದು ಯಾರೂ ಮೆಚ್ಚರು, ಮೆಚ್ಚಬಾರದು. ಆದರೆ ಆಕೆ ಯಾರ ಮಗಳು, ಯಾರ ಹೆಂಡತಿ, ಬೇಡವೆಂದು ತಡೆದವರು ಯಾರು, ಆಕೆ ಏನೆಂದಳು ಎಂಬುದೆಲ್ಲ ಆ ಕಲ್ಲಿನಲ್ಲಿದೆ. ನಮ್ಮ ಶಾಸನಗಳ ರೂಢಿಯೇ ಅಂಥದು: ಬಿಟ್ಟವನ ಹೆಸರುಂಟು, ಪಡೆದವನ ಹೆಸರುಂಟು, ಸಾಕ್ಷಿಗಳ ಹೆಸರುಂಟು, ಎಷ್ಟೋ ಕಡೆ ಬರೆದವನ, ಕಂಡರಿಸಿದವನ ಹೆಸರೂ ಉಂಟು. ಸಾವಿರ ವರ್ಷಗಳ ಹಿಂದಿನ ದತ್ತಿಗೆ ಹೊಣೆಗಾರರ ಪಟ್ಟಿಯೇ ದೊರೆಯುತ್ತದೆ. ನಿನ್ನೆಯ ಆದೇಶಕ್ಕೆ ಒಬ್ಬನೂ ದೊರೆಯುವುದಿಲ್ಲ. ಇವೆರಡರಲ್ಲಿ ಯಾವುದು ಪ್ರೌಢ, ಯಾವುದು ಬಾಲಿಶ?

ಮೂರನೆಯ ಆಕ್ಷೇಪವು ಹೊರನಾಡುಗಳನ್ನು ಬಲ್ಲವರದು: ಕರ್ತೃವನ್ನು ಹೇಳದ ರೂಪಗಳು ಸುಧಾರಿಸಿದ ಎಲ್ಲ ಭಾಷೆಗಳಲ್ಲಿಯೂ ಉಂಟು, ಕನ್ನಡಕ್ಕೆ ಮಾತ್ರ ಏಕೆ ಬೇಡ ಎಂದು. ಅವರು ಇಟಾಲಿಯನ್ ಭಾಷೆಯ ‘ಸಿ’ ಎಂಬ ಪುಟ್ಟ ಸರ್ವನಾಮವನ್ನು ತೋರಿಸಬಹುದು. ಅದನ್ನೇ ಪರೀಕ್ಷಿಸೋಣ. ‘ಸಿ’ ಸೇರಿದ ವಾಕ್ಯದಲ್ಲಿ ಕರ್ತೃವಿನ ಹೆಸರಿಲ್ಲ. ‘ಯಾರೋ, ಜನ, ಎಲ್ಲರೂ’ ಎಂಬ ಅರ್ಥ. ಭೂತಕಾಲದ ಸಂಯುಕ್ತ ರೂಪದಲ್ಲಿ ಸಹಾಯಕ್ರಿಯೆಯು ಯಾವಾಗಲೂ ‘ಇರು’ ಎಂಬರ್ಥದ ಧಾತುವೇ, ಅದು ಏಕವಚನದಲ್ಲಿರುತ್ತದೆ. ‘ಮಲಗಿದ್ದಾಯಿತು’ ಎಂಬುದಕ್ಕೆ ‘ಸಿ ಎ ದೊರ್ಮಿತೊ’. ಇಲ್ಲಿ ಕೃದಂತವೂ ಏಕವಚನ. ಆದರೆ ಹೋಗು, ಬರು, ಹೊರಡು ಮುಂತಾಗಿ ಎಂದಿನಂತೆಯೂ ‘ಇರು’ ಧಾತುವನ್ನೇ ಬೇಡುವ ಕ್ರಿಯೆಗಳಲ್ಲಿ ಸಹಾಯಕ್ರಿಯೆ ಏಕವಚನದಲ್ಲಿದ್ದರೂ ಕೃದಂತವು ಬಹುವಚನಕ್ಕೆ ತಿರುಗುತ್ತದೆ: ‘ಸಿ ಎ ಪಾರ್ತಿತಿ’. ತರ್ಕಕ್ಕೆ ಇದು ವಕ್ರವಾಗಿ ಕಾಣುತ್ತದೆ, ಮನುಷ್ಯತ್ವಕ್ಕೆ ನೇರವಾಗಿದೆ. ಹೆಸರಿಲ್ಲದಿದ್ದರೂ ಹೊರಟವರು ಮನುಷ್ಯರು, ಹಲವರು ಎಂಬ ಗುರುತನ್ನು ಆ ಬಹುವಚನವು ಬಿಟ್ಟುಹೋಗುತ್ತದೆ. ಟಸ್ಕನಿಯ ಜನರಂತೂ ಇದಕ್ಕೆ ‘ನಾವು’ ಎಂಬ ಸರ್ವನಾಮವನ್ನೇ ಮುಂದೆ ಜೋಡಿಸಿ ‘ನೊಯ್ ಸಿ ಎ ಅಂದಾತಿ’, ನಾವು ಹೋದೆವು, ಎನ್ನುತ್ತಾರೆ. ಕರ್ತೃವನ್ನು ಮರೆಸಿದ ರೂಪದೊಳಕ್ಕೇ ಕರ್ತೃವು ಮರಳಿ ಬಂದು ಕುಳಿತಿದ್ದಾನೆ. ಕನ್ನಡದ ‘ಹೊರಡಲಾಯಿತು’ ಎಂಬುದರಲ್ಲಿ ಇಂಥ ನೆರಳಾದರೂ ಇದೆಯೆ? ಇಲ್ಲ. ಹೊರನಾಡಿನ ಸಾಕ್ಷಿಯನ್ನು ಕರೆದವರಿಗೆ ಆ ಸಾಕ್ಷಿಯೇ ಪ್ರತಿಕೂಲವಾಗಿ ನುಡಿಯಿತು.

ಹಾಗಾದರೆ ಕರ್ತೃವಿಲ್ಲದ ವಾಕ್ಯವೇ ಕನ್ನಡಕ್ಕೆ ಬೇಡವೆ? ಬೇಕು, ಮತ್ತು ಇದೆ. ‘ಊಟವಾಯಿತು’, ‘ಬಿತ್ತನೆ ಮುಗಿಯಿತು’ ಎನ್ನುವಾಗ ಯಾರು ಉಂಡರು, ಯಾರು ಬಿತ್ತಿದರು ಎಂಬುದು ಕೇಳುವವನಿಗೆ ತಿಳಿದೇ ಇದೆ. ‘ಸಾಸಿವೆ ಸಿಡಿದ ಮೇಲೆ ಕರಿಬೇವು ಹಾಕಬೇಕು’ ಎನ್ನುವಾಗ ಹಾಕುವವರು ಯಾರಾದರೂ ರುಚಿ ಕೆಡದು. ಹುಣಸೂರಿನ ಕಲ್ಲಹಳ್ಳಿಯ ಮಂಗರಸನು 16ನೆಯ ಶತಮಾನದ ಆದಿಯಲ್ಲಿಯೇ ‘ಸೂಪಶಾಸ್ತ್ರ’ವನ್ನು ರಚಿಸಿದ ನಾಡಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ‘ಬೇಯಿಸಿದ ಕಾಳು’, ‘ಹೊಲಿದ ಅಂಗಿ’ ಎಂಬ ಪ್ರಯೋಗಗಳಿಗೆ ‘ಬೇಯಿಸಲ್ಪಟ್ಟ’, ‘ಹೊಲಿಯಲ್ಪಟ್ಟ’ ಎಂಬ ಬಾಲಗಳು ಬೇಕಿಲ್ಲ. ಹೆಸರು ತಿಳಿಯದಾಗ ‘ಕೆರೆಯ ಏರಿ ಕಡಿದಿದ್ದಾರೆ’ ಎಂಬ ಜನಪದದ ಬಹುವಚನವು ಸಾಕು. ನಿಯಮವು ಸುಲಭವಾದದ್ದು: ಕರ್ತೃವನ್ನು ಹೇಳದಿದ್ದರೆ ಯಾರಿಗೂ ಕೇಡಿಲ್ಲದ ಕಡೆ ಹೇಳದಿರಲಿ, ಆ ಕ್ರಿಯೆಯಿಂದ ಒಬ್ಬನ ಭೂಮಿ, ಅನ್ನ, ಮನೆ, ಮಾನಗಳು ಅಲುಗುವ ಕಡೆ ಕರ್ತೃವನ್ನು ಹೇಳಿಯೇ ತೀರಬೇಕು.

ಈ ಕೆಲಸವನ್ನು ಕಚೇರಿಯೇ ಮೊದಲು ಮಾಡಲೆಂದು ಕಾದರೆ ಯುಗಗಳು ಕಳೆದಾವು. ವಿದ್ಯಾವಂತರ ಮನೆಗಳಲ್ಲಿ, ಶಾಲೆಗಳಲ್ಲಿ, ಸಂಘಗಳಲ್ಲಿ ಇದು ಮೊದಲಾಗಬೇಕು. ‘ರಾಮನು ಮರವನ್ನು ಕಡಿದನು’ ಎಂಬ ಒಳ್ಳೆಯ ವಾಕ್ಯವನ್ನು ‘ರಾಮನಿಂದ ಮರವು ಕಡಿಯಲ್ಪಟ್ಟಿತು’ ಎಂದು ಕೆಡಿಸಿದ ಹುಡುಗನಿಗೆ ಅಂಕ ಕೊಡುವ ಉಪಾಧ್ಯಾಯರು, ಅದನ್ನು ಮತ್ತೆ ಸರಿಪಡಿಸಿದವನಿಗೂ ಅಷ್ಟೇ ಅಂಕ ಕೊಡಲಿ. ಸಾಹಿತ್ಯ ಸಂಘಗಳ ವರದಿಗಳು ‘ಹಿರಿಯರನ್ನು ಸನ್ಮಾನಿಸಲಾಯಿತು, ವಂದನಾರ್ಪಣೆ ಮಾಡಲಾಯಿತು’ ಎಂಬುದನ್ನು ಬಿಟ್ಟು ಸನ್ಮಾನಿಸಿದವರ, ವಂದಿಸಿದವರ, ಕುರ್ಚಿ ಹಾಕಿದವರ ಹೆಸರನ್ನೂ ಬರೆಯಲಿ. ಕೈಗೆ ಬಂದ ಕಾಗದದಲ್ಲಿ ‘ಲಾಗಿದೆ’ ಎಂದಿದ್ದರೆ ಓದಬಲ್ಲ ಮನೆಯವರು ಓದಲಾರದ ನೆರೆಯವನ ಪರವಾಗಿ ‘ಯಾರು?’ ಎಂದು ಒಂದು ಸಾಲು ಬರೆದು ಕೇಳಲಿ.

ಲೋಟ ಒಡೆದ ಮಗು ‘ಲೋಟ ಬಿದ್ದುಹೋಯಿತು’ ಎನ್ನುತ್ತದೆ. ಯಾವ ತಾಯಿಯೂ ಅದಕ್ಕೆ ಸುಮ್ಮನಾಗುವುದಿಲ್ಲ, ‘ಬಿದ್ದುಹೋಯಿತೋ, ಬೀಳಿಸಿದೆಯೋ?’ ಎಂದು ಕೇಳುತ್ತಾಳೆ. ಮಗು ತಲೆತಗ್ಗಿಸಿ ‘ಬೀಳಿಸಿದೆ’ ಎಂದರೆ ಅಲ್ಲಿಗೆ ಮುಗಿಯಿತು. ಸತ್ಯ ಹೇಳಿದ್ದಕ್ಕೆ ಅರ್ಧ ತಪ್ಪು ಅಲ್ಲಿಯೇ ಮಾಫಿ. ಮನೆಯ ಮಗುವಿನಿಂದ ಅಪೇಕ್ಷಿಸುವಷ್ಟು ವ್ಯಾಕರಣವನ್ನು ಕಚೇರಿಯಿಂದಲೂ ಅಪೇಕ್ಷಿಸುವುದು ಅತಿಯಾದ ಆಸೆಯಲ್ಲ.